ನಿಧಾನದ ವ್ಯಾಯಾಮ

ನಿಧಾನವೆಂದರೆ ಸೋಮಾರಿತನವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಚೀನದ ಹೆನಾನ್ ಪ್ರಾಂತದಲ್ಲಿ ಬೆಳೆದುಬಂದ ತಾಯ್ ಚಿ ಇದನ್ನು ಸುಳ್ಳಾಗಿಸುತ್ತದೆ. ನಮ್ಮ ಲೋಮನಾಳಗಳು, ಕೆಂಪು ರಕ್ತಕಣವೊಂದು ಮೈ ಕುಗ್ಗಿಸಿ ನುಸುಳಬೇಕಾದಷ್ಟು ಕಿರಿದು. ವರ್ಷಗಳಿಂದ ತಾಯ್ ಚಿ ಮಾಡುತ್ತಿದ್ದ ವೃದ್ಧರ ಚರ್ಮದಲ್ಲಿ ರಕ್ತದ ಹರಿವು, ಮಾಡದ ವೃದ್ಧರಿಗಿಂತ ಹೆಚ್ಚೆಂದು ತೈವಾನಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದರು. ನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡೂ ಅವರಲ್ಲಿ ಹೆಚ್ಚಾಗಿತ್ತು.

ಇದು ಔಷಧಕ್ಕೆ ಬದಲಲ್ಲ. ಆದರೆ ದಿನವಿಡೀ ಕುಳಿತು ಬೀಡಿ ಕಟ್ಟುವ ನನ್ನ ತಾಯಿಗೆ ಓಟದ ಪಂದ್ಯದಿಂದೇನು ಪ್ರಯೋಜನ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಮೈದಾನ ಗೆಲ್ಲುವವರಿಗಷ್ಟೇ ಮೀಸಲಾಗದೆ, ಮುಂಜಾನೆ ಒಂದು ಗಂಟೆ ಊರ ಹಿರಿಯರಿಗೂ ತೆರೆದಿರಲಿ. ನಾವು ಕಲಿತು ಅವರಿಗೂ ಕಲಿಸೋಣ. ರಕ್ತದಂತೆ ವಿದ್ಯೆಯೂ ತುದಿ ಮುಟ್ಟಿದಾಗಲೇ ಸಾರ್ಥಕ.