ಮೊದಲ ಹಳೇ ಗಾಡಿ
ಈ ವಾರ ಮೈಸೂರಿನ ಯಾದವಗಿರಿಯಲ್ಲಿ ಹಳೇ ಯೆಜ್ಡಿ ಬೈಕೊಂದು ಎದುರಾಯಿತು. ಎರಡು ಸೈಲೆನ್ಸರ್, ತೆಳುನೀಲಿ ಹೊಗೆ, ಎದೆಗೆ ತಟ್ಟುವ ಸದ್ದು. ಯೆಜ್ಡಿ ತಯಾರಿಸುತ್ತಿದ್ದ, 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇಲ್ಲೇ. ಕಡಿಮೆ ಬೆಲೆಗೆ ಹಳೇ ಕಾರು ಹುಡುಕುವ ಹುಡುಗರಿಗೆ ನನ್ನ ಮಾತಿಷ್ಟೆ: ಮೊದಲು ಯೆಜ್ಡಿ ನೋಡಿ. ಪದ್ಮಿನಿಯಂಥ ಹಳೇ ಕಾರಿನ ತಳ ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಖರ್ಚೇ ಕಾರಿನ ಬೆಲೆ ಮೀರಬಹುದು. ಯೆಜ್ಡಿ 250ರದು ಒಂದೇ ಸಿಲಿಂಡರ್‌ನ ಟೂ-ಸ್ಟ್ರೋಕ್ ಎಂಜಿನ್. ವಾಲ್ವ್‌ಗಳ ರಗಳೆ ಇಲ್ಲ, ಕಿಕ್ಕರೇ ಗೇರ್ ಲಿವರ್. ನಮ್ಮೂರ ಹಳೇ ಮೆಕ್ಯಾನಿಕ್‌ಗಳಿಗೆ ಅದರ ನಾಡಿ ಗೊತ್ತು. ಆದರೆ ಕ್ರೋಮ್ ಹೊಳಪಿಗೆ ಮರುಳಾಗಬೇಡಿ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿಸ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಅಂಕಿಗಳೊಂದಿಗೆ ಬೆರಳಿಟ್ಟು ತಾಳೆ ನೋಡಿ. ಬಣ್ಣ ಮತ್ತೆ ಹಚ್ಚಬಹುದು, ದಾಖಲೆ ಹುಟ್ಟಿಸಲಾಗದು.