ಮಳೆಯಲ್ಲಿ ಘಾರಾಪುರಿ

ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿ ಅಚ್ಚಾಗುವ ಪ್ರವಾಸಕಥನಗಳೆಲ್ಲ ಬಹುಮಟ್ಟಿಗೆ ಒಂದೇ ಎರಕದವು. ಮುಂಜಾನೆ ಎಲ್ಲರೂ ಉತ್ಸಾಹದಿಂದ ಹೊರಡುತ್ತಾರೆ, ಆಕಾಶವು ನಿರ್ಮಲವಾಗಿರುತ್ತದೆ, ಉಪಾಹಾರವು ರುಚಿಕರವಾಗಿರುತ್ತದೆ, ಸಂಜೆ ಮಧುರ ಸ್ಮೃತಿಗಳನ್ನು ಹೊತ್ತು ಮನೆಗೆ ಮರಳುತ್ತಾರೆ. ನಾವೂ ಹಿಂದೆ ಅಂತಹ ಲೇಖನಗಳನ್ನು ಬರೆದವರೇ. ಆದರೆ ಕಳೆದ ಜುಲೈ ತಿಂಗಳ ಒಂದು ವಾರಾಂತ್ಯದಲ್ಲಿ ನಾವು ಐವರು ಗೆಳೆಯರು ಘಾರಾಪುರಿಗೆ, ಎಂದರೆ ಎಲಿಫೆಂಟಾ ದ್ವೀಪಕ್ಕೆ, ಕೈಕೊಂಡ ಪ್ರವಾಸವು ಆ ಎರಕಕ್ಕೆ ಹೊಂದುವಂತಹುದಲ್ಲ. ಆ ಕುರಿತು ನಮ್ಮ ಅಭಿಪ್ರಾಯವೊಂದನ್ನು ವಾಚಕಮಿತ್ರರ ಮುಂದಿಡಬೇಕೆಂದು ಈ ಬರಹ.

ಹೊರಡುವ ಮೊದಲೇ ಹಿರಿಯರೆಲ್ಲರೂ ಒಕ್ಕೊರಲಿನಿಂದ ನಮ್ಮನ್ನು ತಡೆದರು. ಮಳೆಗಾಲದಲ್ಲಿ ದ್ವೀಪಕ್ಕೆ ಹೋಗುವವರು ಮೂರ್ಖರು, ನವೆಂಬರಿನಲ್ಲಿ ಹೋಗಿರಿ ಎಂದರು. ಶನಿವಾರದ ಮಟ್ಟಿಗೆ ಅವರ ಮಾತೇ ಗೆದ್ದಿತು. ಗೇಟ್‌ವೇ ಆಫ್ ಇಂಡಿಯಾದ ಬಳಿ ಸಮುದ್ರವು ಅಲ್ಲೋಲಕಲ್ಲೋಲವಾಗಿತ್ತು, ದೋಣಿಗಳನ್ನು ನಿಲ್ಲಿಸಿದ್ದರು. ನಾವು ಮಳೆಯಲ್ಲಿ ತೊಯ್ದು, ಬಟಾಟೆವಡೆ ತಿಂದು, ಹಿಂದಿರುಗಿದೆವು. ಭಾನುವಾರ ದೋಣಿ ಬಿಟ್ಟರು. ಸೋಮವಾರ ಗುಹೆಗಳಿಗೆ ರಜೆಯಾದುದರಿಂದ ನಮಗೆ ಬೇರೆ ದಿನವಿರಲಿಲ್ಲ.

ಸುಮಾರು ಒಂದು ಗಂಟೆಯ ಪಯಣ. ನಮ್ಮಲ್ಲೊಬ್ಬನು ತನಗೆ ಕೊಟ್ಟ ಜೀವರಕ್ಷಕ ಅಂಗಿಯನ್ನು ಕಳಚಿ ಪಕ್ಕಕ್ಕಿಟ್ಟನು. ಅದನ್ನು ತೊಟ್ಟರೆ ಛಾಯಾಚಿತ್ರದಲ್ಲಿ ತನ್ನ ಮುಖವು ಶೋಭಿಸದಂತೆ! ೨೦೨೪ರ ಡಿಸೆಂಬರ್ ೧೮ರಂದು ಇದೇ ಜಲಮಾರ್ಗದಲ್ಲಿ ಯಾತ್ರಿಕರ ದೋಣಿಗೆ ನೌಕಾಪಡೆಯ ವೇಗದೋಣಿಯೊಂದು ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನರು ಪ್ರಾಣ ತೆತ್ತುದನ್ನು ಇನ್ನೊಬ್ಬನು ನೆನಪಿಸಿದನು. ಆಮೇಲೆ ಯಾರೂ ಮಾತನಾಡಲಿಲ್ಲ; ಅವನೂ ಮರುಮಾತಿಲ್ಲದೆ ಅಂಗಿಯನ್ನು ತೊಟ್ಟುಕೊಂಡನು.

ದಕ್ಕೆಯಿಂದ ಬೆಟ್ಟದ ಬುಡದವರೆಗೆ ನೀಳವಾದ ಕಟ್ಟೆ. ಅಲ್ಲಿಂದ ಮೇಲಕ್ಕೆ ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳು. ಇಕ್ಕೆಲದಲ್ಲಿಯೂ ನೀಲಿ ಹೊದಿಕೆಯ ಅಂಗಡಿಗಳು. ಅರ್ಧಕ್ಕರ್ಧ ಮುಚ್ಚಿದ್ದುವು. ನಾವು ಮನೆಯಿಂದ ತಂದಿದ್ದ ಚಕ್ಕುಲಿಯ ಪೊಟ್ಟಣವನ್ನು ಒಂದು ಕೋತಿಯು ಮೂವತ್ತನೆಯ ಮೆಟ್ಟಿಲಿನಲ್ಲಿಯೇ ಕಸಿದುಕೊಂಡಿತು. ಈ ಪ್ರವಾಸದಲ್ಲಿ ನಿಶ್ಚಿತವಾಗಿ ಆನಂದಪಟ್ಟ ಜೀವಿಯೆಂದರೆ ಅದೊಂದೇ.

ಗುಹೆಯನ್ನು ಹೊಕ್ಕಾಗ ಮೊದಲು ಏನೂ ಕಾಣಿಸಲಿಲ್ಲ. ಬಿಸಿಲಿನ ದಿನ ಬಂದವರು ಐದು ನಿಮಿಷ ನೋಡಿ ಹೊರಬೀಳುತ್ತಾರೆ. ಮಳೆಗೆ ಸಿಕ್ಕ ನಮಗೆ ಹೊರಬೀಳುವಂತಿರಲಿಲ್ಲ. ಕಣ್ಣುಗಳು ಕತ್ತಲೆಗೆ ಒಗ್ಗಿದಂತೆ ಕಂಬದ ಸಾಲುಗಳು ಒಂದೊಂದಾಗಿ ಮೂಡಿದುವು. ದಕ್ಷಿಣದ ಗೋಡೆಯಲ್ಲಿ ಸುಮಾರು ೧೮ ಅಡಿ ಎತ್ತರದ ಸದಾಶಿವನ ಮೂರು ಮುಖಗಳು: ನಡುವೆ ಕಣ್ಮುಚ್ಚಿದ ಪ್ರಶಾಂತ ವದನ, ಒಂದು ಪಾರ್ಶ್ವದಲ್ಲಿ ಹುಬ್ಬುಗಂಟಿಕ್ಕಿದ ಉಗ್ರಮುಖ, ಇನ್ನೊಂದರಲ್ಲಿ ಸುಕುಮಾರವಾದ ಸ್ತ್ರೀಮುಖ. ಎಡಬಲಗಳಲ್ಲಿ ಅರ್ಧನಾರೀಶ್ವರನೂ ಗಂಗಾಧರನೂ ಇದ್ದಾರೆ. ಹೊರಗೆ ಧಾರಾಕಾರವಾಗಿ ಮಳೆ. ಒಳಗೆ ಗಂಗೆಯನ್ನು ಜಟೆಯಲ್ಲಿ ಧರಿಸಿದ ಶಿವ. ನವೆಂಬರಿನಲ್ಲಿ ಬಂದಿದ್ದರೆ ಆ ಶಿಲ್ಪವನ್ನು ಹೀಗೆ ಕಾಣುತ್ತಿರಲಿಲ್ಲವೆಂದೇ ನಮ್ಮ ನಂಬಿಕೆ. ಸಮುದ್ರವು ದಾರಿ ಬಿಡುವುದಾದರೆ, ಘಾರಾಪುರಿಯನ್ನು ನೋಡಲು ಮಳೆಗಾಲವೇ ತಕ್ಕ ಕಾಲ.

ಅನೇಕ ವಿಗ್ರಹಗಳಿಗೆ ಕಾಲುಗಳಿಲ್ಲ, ಕೈಗಳಿಲ್ಲ. ನಟರಾಜನ ತೋಳುಗಳು ಮುರಿದಿವೆ. ಈ ದ್ವೀಪವು ೧೫೩೪ರಲ್ಲಿ ಪೋರ್ಚುಗೀಸರ ಕೈಸೇರಿದ ಮೇಲೆ ಅವರ ಸೈನಿಕರು ಇಲ್ಲಿ ಗುಂಡು ಹಾರಿಸುತ್ತಿದ್ದರೆಂದು ಪ್ರತೀತಿ. ಅದಕ್ಕಿಂತಲೂ ನಮ್ಮನ್ನು ನೋಯಿಸಿದ ಸಂಗತಿ ಇನ್ನೊಂದು. ಗುಹೆಯಲ್ಲಿದ್ದ ಶಾಸನಶಿಲೆಯೊಂದನ್ನು ಅವರು ತಮ್ಮ ದೇಶದ ದೊರೆಗೆ ಕಳುಹಿಸಿದರೆಂದು ಪೋರ್ಚುಗೀಸ್ ಇತಿಹಾಸಕಾರ ದಿಯೋಗೊ ದೊ ಕೌತೊ ಬರೆದಿಟ್ಟಿದ್ದಾನೆ. ಅದು ಅನಂತರ ಯಾರ ಕಣ್ಣಿಗೂ ಬೀಳಲಿಲ್ಲ. ಆದುದರಿಂದಲೇ ಈ ಗುಹೆಯನ್ನು ಕಡೆಯಿಸಿದವರು ಯಾರೆಂಬುದು ಇಂದಿಗೂ ಊಹೆಯ ವಿಷಯ. ಆರನೆಯ ಶತಮಾನದ ಮಧ್ಯಭಾಗದ್ದೆಂದೂ, ಇಲ್ಲಿ ದೊರೆತ ನಾಣ್ಯಗಳ ಆಧಾರದ ಮೇಲೆ ಕಳಚುರಿ ಕೃಷ್ಣರಾಜನ ಕಾಲದ್ದೆಂದೂ ವಿದ್ವಾಂಸರು ಹೇಳುತ್ತಾರೆ. ನಾವು ಪೋರ್ಚುಗೀಸರನ್ನು ಮನಸಾರೆ ಶಪಿಸಿದೆವು.

ಆಗ ನಮ್ಮಲ್ಲೊಬ್ಬನಿಗೆ ಪುಲಕೇಶಿಯ ನೆನಪಾಯಿತು. ಇಮ್ಮಡಿ ಪುಲಕೇಶಿಯು ಮದಗಜಗಳನ್ನು ಹೋಲುವ ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ನಗರವನ್ನು ಮುತ್ತಿದನೆಂದು ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಹಾಡಿದ್ದಾನೆ. ಆ ಪುರಿಯೇ ಈ ಘಾರಾಪುರಿಯೆಂದು ಕೆಲವರು, ಜಂಜೀರದ ಬಳಿಯ ರಾಜಪುರಿಯೆಂದು ಕೆಲವರು ವಾದಿಸುತ್ತಾರೆ. ನಮಗೆ ಎರಡನೆಯ ವಾದವು ಆ ಕ್ಷಣದಲ್ಲಿ ಕಿಂಚಿತ್ತೂ ರುಚಿಸಲಿಲ್ಲ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗರಾದ ನಮಗೆ ಈ ನಗರದಲ್ಲಿ ನಾವು ಅತಿಥಿಗಳೋ ಮನೆಯವರೋ ಎಂಬ ಪ್ರಶ್ನೆಯು ಆಗಾಗ ಎದುರಾಗುವುದು ಸಹಜ. ಹದಿನಾಲ್ಕು ಶತಮಾನಗಳ ಹಿಂದೆಯೇ ನಮ್ಮವರು ಇಲ್ಲಿಗೆ ಬಂದಿದ್ದರಲ್ಲ! ಎದೆಯುಬ್ಬಿತು. ಆ ಉಬ್ಬಿದ ಎದೆಯಲ್ಲಿಯೇ ನಾವು ಮಾಡಬಾರದುದನ್ನು ಮಾಡಿದೆವು.

ನಮ್ಮಲ್ಲೊಬ್ಬನು ಕಿಸೆಯಿಂದ ಮನೆಯ ಬೀಗದ ಕೈಯನ್ನು ತೆಗೆದು, ಕಂಬದ ಹಿಂಬದಿಯಲ್ಲಿ, ಈಗಾಗಲೇ ಕೊರೆದಿದ್ದ ಹತ್ತಾರು ಹೆಸರುಗಳ ನಡುವೆ, ತನ್ನ ಹೆಸರನ್ನು ಕನ್ನಡದಲ್ಲಿ ಕೊರೆಯತೊಡಗಿದನು. ಉಳಿದ ನಾಲ್ವರು ನೋಡುತ್ತ ನಿಂತಿದ್ದೆವು. ಒಬ್ಬನು ನಕ್ಕದ್ದೂ ನಿಜ. ಒಂದೂವರೆ ಅಕ್ಷರವಾಗುವಷ್ಟರಲ್ಲಿ ಕಾವಲುಗಾರನು ಬಂದನು. ಅವನು ಗದರಿಸಲಿಲ್ಲ. ಇಲ್ಲಿ ಕೊರೆದ ಹೆಸರನ್ನು ಓದಲು ಮತ್ತೆ ಬಂದವರನ್ನು ತಾನು ಕಂಡಿಲ್ಲವೆಂದು ಮರಾಠಿಯಲ್ಲಿ ಹೇಳಿ, ನಾವು ಅಲ್ಲಿಂದ ಸರಿಯುವವರೆಗೆ ಕಾದು ನಿಂತನು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ ಈ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸವನ್ನೋ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೋ, ಎರಡನ್ನೂ ಕೂಡಿಯೋ ವಿಧಿಸಬಹುದೆಂಬುದು ನಮಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಕೊರೆದವನ ಹೆಸರನ್ನು ಇಲ್ಲಿ ಹೇಳೆವು. ತಡೆಯದೆ ನಿಂತವರೂ ಕೊರೆದವರೇ. ಆದುದರಿಂದ ಆ ಒಂದೂವರೆ ಅಕ್ಷರವು ನಮ್ಮೆಲ್ಲರದು. ಅದು ಕಪ್ಪು ಶಿಲೆಯ ಮೇಲೆ ಬೆಳ್ಳಗೆ, ಇದನ್ನು ಓದುವ ಹೊತ್ತಿಗೂ ಅಲ್ಲಿಯೇ ಇದೆ. ಐಹೊಳೆಯ ಶಾಸನವನ್ನು ಕೊರೆದದ್ದು ಹಳಗಾಲದ ಕನ್ನಡ ಲಿಪಿಯಲ್ಲಿಯೇ. ಅದೇ ಲಿಪಿಯ ಮೊಮ್ಮಕ್ಕಳಾದ ಅಕ್ಷರಗಳನ್ನು ನಾವು ಬಳಸಿದ ರೀತಿ ಇದು. ಪೋರ್ಚುಗೀಸರನ್ನು ಶಪಿಸಿ ಅರ್ಧಗಂಟೆಯೂ ಆಗಿರಲಿಲ್ಲ. ಅವರಿಗಾದರೋ ಇದು ಪರದೇಶವಾಗಿತ್ತು.

ನಮ್ಮ ಪ್ರವಾಸಪದ್ಧತಿಯೇ ನಮ್ಮನ್ನು ಹೀಗೆ ಮಾಡಿದೆಯೆಂದು ಹೇಳಿದರೆ ಹಿರಿಯರು ಸಿಟ್ಟಾಗಬಹುದು. ಬಸ್ಸಿನಿಂದ ಇಳಿ, ಸಾಲಾಗಿ ನಿಲ್ಲು, ಚಿತ್ರ ತೆಗೆಸಿಕೋ, ತಿನ್ನು, ಏರು. ನೋಡುವ ಸ್ಥಳವು ಯಾರದು, ಅಲ್ಲಿ ಯಾರು ಬಾಳುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಹೊರಬಂದಾಗ ಮುಸುಕಿನ ಜೋಳ ಸುಡುತ್ತಿದ್ದ ವೃದ್ಧೆಯೊಬ್ಬಳ ಅಂಗಡಿಯಲ್ಲಿ ಆಶ್ರಯ ಪಡೆದೆವು. ಮಳೆಯಿಂದ ನಮ್ಮ ಶನಿವಾರ ಹಾಳಾಯಿತೆಂದು ನಾವು ಗೊಣಗಿದಾಗ ಆಕೆ ನಕ್ಕಳು. ದೋಣಿ ಬಾರದ ದಿನ ತನಗೆ ಗಳಿಕೆಯಿಲ್ಲವೆಂದೂ, ಅಂತಹ ದಿನಗಳು ಈ ನಾಲ್ಕು ತಿಂಗಳಲ್ಲಿ ಎಣಿಸಲಾರದಷ್ಟೆಂದೂ ಹೇಳಿದಳು. ಶೇತಬಂದರ, ಮೋರಾಬಂದರ, ರಾಜಬಂದರ ಎಂಬ ಇಲ್ಲಿನ ಮೂರು ಹಳ್ಳಿಗಳಿಗೆ ನಿರಂತರ ವಿದ್ಯುತ್ತು ಬಂದದ್ದು ೨೦೧೮ರಲ್ಲಿ, ಸಮುದ್ರದ ತಳದಲ್ಲಿ ತಂತಿ ಹಾಸಿದ ಮೇಲೆ. ಗುಹೆಗಳು ೧೯೮೭ರಲ್ಲಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದುವು. ಜನರು ಮಾತ್ರ ಇನ್ನೂ ಮೂರು ದಶಕಗಳ ಕಾಲ ಸಂಜೆಯ ಕೆಲವು ಗಂಟೆಗಳ ಜನರೇಟರಿನ ಬೆಳಕಿನಲ್ಲಿ ಕುಳಿತು, ಹತ್ತು ಕಿಲೋಮೀಟರಿನಾಚೆ ಮುಂಬಯಿಯ ದೀಪಗಳನ್ನು ನೋಡುತ್ತಿದ್ದರು. ಆ ದೀಪಗಳಲ್ಲಿ ನಮ್ಮ ಮನೆಗಳವೂ ಇದ್ದುವು.

ಈ ಬಾರಿ ಶಾಲೆಯ ಪ್ರವಾಸವು ಎಲ್ಲಿಗೆಂದು ವಿದ್ಯಾರ್ಥಿ ಮಂಡಲದಲ್ಲಿ ಚರ್ಚೆಯಾಗುವಾಗ ನಾವು ಬೈಕಳಾದ ಜೀಜಾಮಾತಾ ಉದ್ಯಾನವನ್ನು ಸೂಚಿಸಲಿದ್ದೇವೆ. ನಗೆ ಬರಬಹುದು, ಲೋಕಲ್ ಗಾಡಿಯಲ್ಲಿ ಹೋಗಿ ಬರುವ ಜಾಗ. ಆದರೆ ಎಲಿಫೆಂಟಾ ಎಂಬ ಹೆಸರಿಗೆ ಕಾರಣವಾದ ಕಲ್ಲಾನೆಯು ಇರುವುದು ಅಲ್ಲಿ. ೧೮೬೪ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕೆಳಕ್ಕೆ ಬಿದ್ದು ಚೂರಾಯಿತು. ಚೂರುಗಳನ್ನು ೧೯೧೪ರಲ್ಲಿ ಜೋಡಿಸಿ ನಿಲ್ಲಿಸಿದರು. ಅದನ್ನು ನೋಡಿ, ಅದರ ಕಥೆಯನ್ನು ಕೇಳಿ, ಅನಂತರ ದ್ವೀಪಕ್ಕೆ ಹೋಗುವುದು ಒಳ್ಳೆಯದು. ಊಟದ ಬುತ್ತಿಯನ್ನು ಒಯ್ಯದೆ ಅಲ್ಲಿನವರ ಕೈಯ ಅಡಿಗೆಯನ್ನೇ ಉಣ್ಣಬೇಕೆಂಬುದೂ ನಮ್ಮ ಸೂಚನೆ. ಕೋತಿಗಳ ಭಯವೂ ಇದರಿಂದ ತಪ್ಪುತ್ತದೆ.

ಕೊನೆಯ ದೋಣಿಯಲ್ಲಿ ಮರಳಿದೆವು. ಬೀಗದ ಕೈಯ ಮಿತ್ರನ ಮನೆಯಲ್ಲಿ ಆ ಸಂಜೆ ಯಾರೂ ಇರಲಿಲ್ಲ. ಕರಿಗಲ್ಲಿಗೆ ತಿಕ್ಕಿದ ಕೈಯ ತುದಿಯು ಸೊಟ್ಟಗಾಗಿ, ಬೀಗವು ತೆರೆಯಲಿಲ್ಲ. ರಾತ್ರಿ ಒಂಬತ್ತು ಗಂಟೆಯವರೆಗೆ ಅವನು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲಿನ ಮೇಲೆ ಕುಳಿತಿದ್ದನು. ತಂದೆಯವರು ಬಂದು, ಇದು ಹೇಗೆ ಸೊಟ್ಟಗಾಯಿತೆಂದು ಕೇಳಿದರಂತೆ.