ರಂಗದ ಹಿಂದಿನ ಕಂಡಕ್ಟರ್

ಕಂಡಕ್ಟರ್ ಎಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಸುಳ್ಯ ಬಸ್ಸಿನ ಸೀಟಿ. ವಿಜ್ಞಾನದ ತರಗತಿಯಲ್ಲಾದರೆ ತಾಮ್ರದ ತಂತಿ. ಪಾಶ್ಚಾತ್ಯ ಸಂಗೀತದಲ್ಲಿ ಇನ್ನೊಂದು ಬಗೆಯ ಕಂಡಕ್ಟರ್ ಇದ್ದಾರೆ. 1936ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಹಾಗೆ ಹೆಸರಾದವರು. ಹತ್ತಾರು ವಾದಕರ ಎದುರು ನಿಂತು ಸಣ್ಣ ಕೋಲು ಆಡಿಸುವುದು ಅವರ ಕೆಲಸ. ಕೋಲೇಕೆ? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 17 ಮೀಟರ್ ದೂರದ ವಾದ್ಯದ ದನಿ ಕಿವಿಗೆ ಬರಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಬೇಕು. ಕಿವಿಯನ್ನೇ ನಂಬಿದರೆ ತಾಳ ಹಿಂದೆ ಬೀಳುತ್ತದೆ. ಬೆಳಕು ತಡಮಾಡುವುದಿಲ್ಲ.

ನಮ್ಮ ಯಕ್ಷಗಾನದಲ್ಲಿ ಈ ಕೆಲಸ ಭಾಗವತರದು. ಅವರು ಕೂರುವುದು ವೇಷಧಾರಿಯ ಬೆನ್ನ ಹಿಂದೆ! ಕೋಲು ತೋರಿಸಿ ಪ್ರಯೋಜನವಿಲ್ಲ. ರಂಗ ಚಿಕ್ಕದು, ಜಾಗಟೆಯ ಪೆಟ್ಟೇ ಸಾಕು. ಆದರೆ ಮೆಹ್ತಾ ಹಾಡಬೇಕಾಗಿಲ್ಲ. ಭಾಗವತರು ಹಾಡುತ್ತಲೇ ಆಟ ನಡೆಸಬೇಕು. ಅರ್ಥದ ಮಾತು ಬರೆದಿಟ್ಟದ್ದಲ್ಲ. ಯಾರಾದರೂ ಉದ್ದಕ್ಕೆ ಎಳೆದರೆ ಮುಂದಿನ ಪದ ಎತ್ತಿ ನಿಲ್ಲಿಸುವ ಅಧಿಕಾರ ಅವರದೇ. (ಶಾಲಾ ವಾರ್ಷಿಕೋತ್ಸವದ ಭಾಷಣಗಳಿಗೂ ಒಬ್ಬ ಭಾಗವತರಿದ್ದರೆ!)

ಸುಳ್ಯ ತಾಲೂಕಿನ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು (1955–2021) ಸುರತ್ಕಲ್ ಮೇಳದಲ್ಲಿ ದೀರ್ಘಕಾಲ, ಆಮೇಲೆ ಹೊಸನಗರ, ಹನುಮಗಿರಿ ಮೇಳಗಳಲ್ಲಿ ಹೀಗೆ ಆಟ ನಡೆಸಿದವರು. ಅವರ ದನಿ ಧ್ವನಿಮುದ್ರಣಗಳಲ್ಲಿ ಉಳಿದಿದೆ. ಯಾವ ಕ್ಷಣಕ್ಕೆ ಪದ ಎತ್ತಬೇಕೆಂಬ ಅಂದಾಜು ಮಾತ್ರ ಅದನ್ನು ಕೇಳಿ ಬರುವಂಥದ್ದಲ್ಲ. ಹಿಮ್ಮೇಳದ ಬದಿಯಲ್ಲಿ ಕೂತೇ ಕಲಿಯಬೇಕು.

ಚೆಂಡೆ ಕಲಿತರೆ ಮಾರ್ಕು ಕಡಿಮೆಯಾದೀತೆಂದು ಹೆದರುವ ಹೆತ್ತವರೇ, ಒಂದು ರಾತ್ರಿ ಮಗುವನ್ನು ರಂಗದ ಬದಿಗೆ ಕೂರಿಸಿ. ಮಹಿಷಾಸುರನನ್ನಲ್ಲ, ಜಾಗಟೆಯ ಕೈಯನ್ನು ನೋಡಲಿ.